ಕೃತಕ ಹುಲ್ಲಿಗೂ ಬೇಕು ಆರೈಕೆ

ಪ್ರಶ್ನೆ: ಐದು ವರ್ಷದ ಹಿಂದೆ ತಾರಸಿಗೆ ಕೃತಕ ಹುಲ್ಲು ಹಾಸಿಸಿದ್ದೆವು. ಬಟ್ಟೆ ಒಣಹಾಕಲು ಓಡಾಡುವ ದಾರಿಯಲ್ಲಿ ಹುಲ್ಲು ಪೂರ್ತಿ ಮಲಗಿಬಿಟ್ಟಿದೆ. ಎರಡು ಹಾಸು ಕೂಡುವ ಕಡೆ ಬಾಯಿ ಬಿಟ್ಟಿದೆ, ಮೊನ್ನೆ ಮೊಮ್ಮಗಳು ಅಲ್ಲೇ ಎಡವಿ ಬಿದ್ದಳು. ಎಲ್ಲ ಕಿತ್ತು ಹೊಸದು ಹಾಕಿಸಬೇಕೆ?
- ನಿವೃತ್ತ ಶಿಕ್ಷಕಿ, ಬೆಂಗಳೂರು

ಉತ್ತರ: ಈಗಲೇ ಬೇಡ ಮೇಡಂ. ನೀವು ಹೇಳಿದ ಎರಡೂ ತೊಂದರೆ ಒಂದು ಭಾನುವಾರದಲ್ಲಿ ಸರಿಹೋಗುವಂಥವು.

ಮೊದಲು ಮಲಗಿದ ಹುಲ್ಲು. ಹಾಸಿನ ಮೇಲೆ ಅಂಗೈ ಆಡಿಸಿ ನೋಡಿ. ಒಂದು ಕಡೆಗೆ ನುಣುಪಾಗಿ ಹೋಗುತ್ತದೆ, ಇನ್ನೊಂದು ಕಡೆಗೆ ಎಳೆಗಳು ಕೈಗೆ ತಡೆಯುತ್ತವೆ. ತಡೆಯುವ ದಿಕ್ಕಿಗೇ ಗಟ್ಟಿ ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ತಂತಿ ಬ್ರಷ್ ಮುಟ್ಟಲೇಬೇಡಿ, ಎಳೆ ಸೀಳುತ್ತದೆ. ಎದ್ದ ಎಳೆ ನಿಲ್ಲಬೇಕಾದರೆ ಬುಡಕ್ಕೆ ಆಸರೆ ಬೇಕು. ಅದಕ್ಕೇ ಒಣಗಿದ ಸಿಲಿಕಾ ಮರಳನ್ನು ತೆಳ್ಳಗೆ ಎರಚಿ, ಬುಡಕ್ಕೆ ಇಳಿಯುವಂತೆ ಬ್ರಷ್ ಆಡಿಸಿ. ಮನೆ ಕಟ್ಟಿ ಉಳಿದ ಎಂ-ಸ್ಯಾಂಡ್ ಹಾಕುವವರನ್ನು ಕಂಡಿದ್ದೇನೆ, ಅದು ಸಲ್ಲದು. ಅದರ ದೂಳು ನೀರು ಇಳಿಯುವ ತೂತುಗಳನ್ನು ಮುಚ್ಚುತ್ತದೆ, ಚೂಪು ಅಂಚು ಎಳೆಯನ್ನು ಕೊರೆಯುತ್ತದೆ.

ಜೋಡಣೆಗೆ ತಾಳ್ಮೆ ಬೇಕು. ಎರಡೂ ಅಂಚುಗಳನ್ನು ಹಿಂದಕ್ಕೆ ಮಡಚಿ, ಹಳೆಯ ಅಂಟು ಕೆರೆದು, ನೆಲ ಪೂರ್ತಿ ಒಣಗಲು ಬಿಡಿ. ಬಿಚ್ಚಿಕೊಂಡ ಅಂಚಿದ್ದರೆ ಹಾಸನ್ನು ಕವುಚಿ ಹಾಕಿ, ಹಿಂಬದಿಯಲ್ಲಿ ಕಾಣುವ ಎರಡು ಹೊಲಿಗೆ ಸಾಲುಗಳ ನಡುವೆ ಕಟರ್ ಓಡಿಸಿ ನೇರಮಾಡಿ. ಕೆಳಗೆ ಒಂದಡಿ ಅಗಲದ ಜೋಡಣೆ ಟೇಪು ಹಾಸಿ, ಕೃತಕ ಹುಲ್ಲಿಗೆಂದೇ ಸಿಗುವ, ನೀರಿಗೆ ಬಿಡದ ಅಂಟು ಬಳಿಯಿರಿ. ಮರಗೆಲಸದ ಬಿಳಿ ಗೋಂದು ಮೊದಲ ಮಳೆಗೇ ಮೆತ್ತಗಾಗುತ್ತದೆ. ಅಂಚುಗಳನ್ನು ಒತ್ತೊತ್ತಾಗಿ ತಳ್ಳಿದರೆ ಉಬ್ಬುತ್ತದೆ. ಹೊಲಿಗೆ ಸಾಲುಗಳ ನಡುವೆ ಎಷ್ಟು ಜಾಗವಿದೆಯೋ ಅಷ್ಟನ್ನೇ ಇಲ್ಲಿಯೂ ಬಿಡಿ. ಎರಡೂ ಕಡೆಯ ಎಳೆ ಒಂದೇ ದಿಕ್ಕಿಗೆ ವಾಲಿರಲಿ, ಇಲ್ಲದಿದ್ದರೆ ಎರಡು ಬಣ್ಣದ ಹಾಗೆ ಕಾಣುತ್ತದೆ. ಎಳೆಗಳು ಅಂಟಿಗೆ ಸಿಕ್ಕದಂತೆ ಬೆರಳಲ್ಲಿ ಬಿಡಿಸುತ್ತ ಒತ್ತಿ, ಮೇಲೆ ಮರಳು ಚೀಲಗಳನ್ನಿಟ್ಟು ಒಂದು ದಿನ ಬಿಡಿ. ಅಲ್ಲಿಯತನಕ ಮಗುವನ್ನು ಆ ಕಡೆ ಬಿಡಬೇಡಿ.

ಅಂಚು ಎತ್ತಿದಾಗ ಕೆಳಗಿನ ಕಾಂಕ್ರೀಟನ್ನೂ ನೋಡಿಬಿಡಿ. ಕಪ್ಪು ತೇವದ ಕಲೆಯಿದ್ದರೆ ಹುಲ್ಲಿಗಿಂತ ಮೊದಲು ತಾರಸಿಯ ವಾಟರ್‌ಪ್ರೂಫಿಂಗ್ ಆಗಬೇಕು. ಹಾಸು ಬಿರುಕನ್ನು ಮುಚ್ಚಿಡುತ್ತದೆ, ಸೋರಿಕೆ ಗೊತ್ತಾಗುವುದು ಕೆಳಗಿನ ಕೋಣೆಯ ಸೂರಿನಲ್ಲಿ.

ಪ್ರಶ್ನೆ: ನಮ್ಮ ಅಂಗಳದ ಹಾಸು ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ನಾಯಿ ಅಲ್ಲಿಯೇ ಉಚ್ಚೆ ಹೊಯ್ಯುವುದರಿಂದ ವಾಸನೆ ಬೇರೆ. ಬ್ಲೀಚಿಂಗ್ ಪೌಡರ್ ಹಾಕಬಹುದೆ?
- ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಹಾಕಬೇಡಿ. ಬ್ಲೀಚಿಂಗ್ ಪೌಡರ್ ಮತ್ತು ಮೂತ್ರದ ಅಮೋನಿಯಾ ಸೇರಿದರೆ ಉಸಿರಿಗೆ ಅಪಾಯವಾದ ಅನಿಲ ಹುಟ್ಟುತ್ತದೆ. ಹಾಸಿನ ಬಣ್ಣವೂ ಕೆಡುತ್ತದೆ. ನಾಯಿ ಹೊಯ್ದ ಕೂಡಲೆ ಪೈಪಿನಿಂದ ಚೆನ್ನಾಗಿ ನೀರು ಬಿಡುವುದೇ ಮೊದಲ ಮದ್ದು. ಹಳೆಯ ವಾಸನೆಗೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಈಗಾಗಲೇ ಬಿದ್ದಿರುವ ಜಾಗಕ್ಕೆ ವಿನೆಗರ್ ತಾಗಿಸಲೇಕೂಡದು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಕಿಣ್ವದ ದ್ರಾವಣ ಇನ್ನೂ ಒಳ್ಳೆಯದು.

ಆದರೆ ಪಾಚಿಯ ಮೂಲ ಕೆಳಗಿದೆ. ಮಳೆ ನಿಂತು ಒಂದು ಗಂಟೆಯಾದ ಮೇಲೆ ಒಂದು ಮೂಲೆ ಎತ್ತಿ ನೋಡಿ. ನೀರು ಮಡುಗಟ್ಟಿದ್ದರೆ ನೆಲಕ್ಕೆ ಇಳಿಜಾರಿಲ್ಲ ಎಂದೇ ಅರ್ಥ. ಹತ್ತು ಅಡಿಗೆ ಒಂದರಿಂದ ಒಂದೂವರೆ ಇಂಚಾದರೂ ಇಳಿಜಾರು ಬೇಕು. ಹಿಂಬದಿಯ ತೂತುಗಳಲ್ಲಿ ಕೊಳೆತ ಎಲೆ, ಮಣ್ಣು ಸೇರಿದ್ದರೆ ಕಡ್ಡಿಯಿಂದ ಚುಚ್ಚಿ ಬಿಡಿಸಿ. ನಿಮ್ಮ ಕರಾವಳಿಯ ಮಳೆಗೆ ಈ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು.

ಪ್ರಶ್ನೆ: ಬೆಂಕಿ ಕಿಡಿ ಏನೂ ಬೀಳದಿದ್ದರೂ ಹುಲ್ಲಿನ ನಡುವೆ ಒಂದು ಪಟ್ಟಿ ಕರಗಿ ಮುದುಡಿದೆ. ಬಿಸಿಲಿಗೆ ಹೀಗಾಗುತ್ತದೆಯೆ?
- ಓದುಗರು, ಕಲಬುರಗಿ

ಉತ್ತರ: ಬರೀ ಬಿಸಿಲಿಗೆ ಅಲ್ಲ. ಈ ಎಳೆಗಳು ಹೆಚ್ಚಾಗಿ ಪಾಲಿಎಥಿಲೀನ್. ಅದು ಕರಗಲು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು, ಮೆತ್ತಗಾಗುವುದು ಅದಕ್ಕೂ ಮೊದಲೇ. ಎದುರು ಗೋಡೆಯಲ್ಲಿ ಹೊಳಪು ಗಾಜಿನ ಕಿಟಕಿ ಇದೆಯೇ ನೋಡಿ. ಜೋಡಿ ಗಾಜು ಕೊಂಚ ಒಳಬಾಗಿದರೂ ತಗ್ಗು ಕನ್ನಡಿಯ ಹಾಗೆ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತದೆ. ಸೂರ್ಯ ಸರಿದಂತೆ ಆ ಬೆಳಕೂ ಸರಿಯುತ್ತದೆ, ಅದಕ್ಕೇ ಸುಟ್ಟದ್ದು ಪಟ್ಟಿಯಾಗಿ ಕಾಣುವುದು. ಕಿಟಕಿಯ ಹೊರಬದಿಗೆ ಬಿದಿರಿನ ತಟ್ಟಿ ಕಟ್ಟಿ. ಒಳಗಿನ ಪರದೆಯಿಂದ ಉಪಯೋಗವಿಲ್ಲ.

ಕರಗಿದ ಎಳೆ ಮತ್ತೆ ನಿಲ್ಲುವುದಿಲ್ಲ, ಆ ಪಟ್ಟಿ ಕತ್ತರಿಸಿ ತೇಪೆ ಹಾಕಬೇಕು. ಹೊಸ ತುಂಡನ್ನು ನಡುವೆ ಹಾಕಿದರೆ ಅದರ ಹಸಿರು ಎದ್ದು ಕಾಣುತ್ತದೆ. ಅದರ ಬದಲು ಗೋಡೆಯಂಚಿನಿಂದ ಅಷ್ಟೇ ಬಿಸಿಲುಂಡ ತುಂಡು ತೆಗೆದು ನಡುವೆ ಕೂರಿಸಿ. ಹೊಸದನ್ನು ಅಂಚಿಗೆ ಹಾಕಿ, ಮುಂದೆ ಹೂಕುಂಡ ಇಡಿ.

ಪ್ರಶ್ನೆ: ಹತ್ತು ವರ್ಷ ಹಳೆಯ ಹಾಸು. ಗುಡಿಸಿದಾಗಲೆಲ್ಲ ಹಸಿರು ಪುಡಿ ಬರುತ್ತಿದೆ. ಏನು ಮಾಡಲಿ?
- ಓದುಗರು, ಹಾಸನ

ಉತ್ತರ: ಒಂದು ಎಳೆಯನ್ನು ಬೆರಳುಗಳ ನಡುವೆ ಹೊಸಕಿ. ಮುರಿದು ಪುಡಿಯಾದರೆ ಅದರ ಆಯಸ್ಸು ಮುಗಿದಿದೆ, ಇನ್ನು ಯಾವ ರಿಪೇರಿಗೂ ದುಡ್ಡು ಹಾಕಬೇಡಿ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಹಾಗೆ ಮಾಡಿದೆ. ಆ ಪುಡಿ ಮಳೆನೀರಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಆದ್ದರಿಂದ ಮಳೆಗೆ ಮುಂಚೆಯೇ ಸುತ್ತಿ ತೆಗೆಯಿರಿ; ಊರಿನ ಒಣ ಕಸ ಪಡೆಯುವವರಲ್ಲಿ ಮೊದಲು ಕೇಳಿಕೊಂಡು ಒಪ್ಪಿಸಿ.

ಕೆಳಗೆ ಮಣ್ಣಿದ್ದು ಬಿಸಿಲು ಬೀಳುವ ಅಂಗಳವಾದರೆ ನನ್ನ ಸಲಹೆ ಒಂದೇ: ಮತ್ತೆ ಪ್ಲಾಸ್ಟಿಕ್ ಹಾಸಬೇಡಿ, ಗರಿಕೆ ನೆಡಿ. ಹಳೆಯ ಹಾಸಿಗೆ ಮಾತ್ರ ಹಿತ್ತಲಲ್ಲಿ ಬೆಂಕಿ ಇಡಬೇಡಿ.