ರಕ್ಷಣಾ ರಿಲೇಗಳಲ್ಲಿ ಸಂವಹನ ಮತ್ತು ಸಮಯ ಹೊಂದಾಣಿಕೆ: ಉದ್ಯಮಿಗಳು ತಿಳಿದಿರಬೇಕಾದ ಅಂಶಗಳು

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ವಿದ್ಯುತ್ ಜಾಲವು ಕುಸಿದು ಸುಮಾರು 5 ಕೋಟಿ ಜನರು ಕತ್ತಲೆಗೆ ಸಿಲುಕಿದರು. ತನಿಖೆಗೆ ಕುಳಿತ ಉಭಯ ರಾಷ್ಟ್ರಗಳ ಕಾರ್ಯಪಡೆಗೆ ದಾಖಲೆಗಳ ಕೊರತೆ ಇರಲಿಲ್ಲ. ಆದರೆ ಅವುಗಳನ್ನು ಬರೆದಿಟ್ಟ ಅನೇಕ ಸಾಧನಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವ ಮಾರ್ಗ ಮೊದಲು ಕಡಿತಗೊಂಡಿತು ಎಂಬುದನ್ನು ನಿರ್ಧರಿಸಲು ಸಾವಿರಾರು ದಾಖಲೆಗಳನ್ನು ತಾಳೆ ನೋಡಬೇಕಾಯಿತು. ದಾಖಲೆ ಸಾಧನಗಳಿಗೆ ಸಮಯ ಹೊಂದಾಣಿಕೆ ಕಡ್ಡಾಯವಾಗಬೇಕೆಂದು 2004ರ ಅಂತಿಮ ವರದಿ ಶಿಫಾರಸು ಮಾಡಿತು.

ಈ ಪಾಠವು ಬೃಹತ್ ಜಾಲಗಳಿಗೆ ಮಾತ್ರ ಸೀಮಿತವಲ್ಲ. 33 ಕೆ.ವಿ. ಪೂರೈಕೆ ಪಡೆಯುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಮಧ್ಯಾಹ್ನ ವಿದ್ಯುತ್ ನಿಂತು ಒಂದು ಮೋಟಾರ್ ಸುಟ್ಟುಹೋಗುತ್ತದೆ. ಒಳಬರುವ ಮಾರ್ಗದ ರಿಲೇ 2 ಗಂಟೆ 7 ನಿಮಿಷ ಎಂದು ದಾಖಲಿಸಿದರೆ, ಮೋಟಾರಿನ ರಿಲೇ 2 ಗಂಟೆ 5 ನಿಮಿಷ ಎನ್ನುತ್ತದೆ. ದೋಷ ಹುಟ್ಟಿದ್ದು ಹೊರಗಿನ ಮಾರ್ಗದಲ್ಲೋ ಕಾರ್ಖಾನೆಯ ಒಳಗೋ? ವಿಮಾ ಸಮೀಕ್ಷಕರ ಮುಂದೆಯೂ ಯಂತ್ರ ಪೂರೈಸಿದವರ ಮುಂದೆಯೂ ಈ ಪ್ರಶ್ನೆಗೆ ಉತ್ತರ ಬೇಕು. ದಿನಾಂಕ ತಪ್ಪಾಗಿರುವ ವೋಚರು ಲೆಕ್ಕ ಪರಿಶೋಧನೆಯಲ್ಲಿ ಹೇಗೆ ನಿಲ್ಲುವುದಿಲ್ಲವೋ, ಸಮಯ ತಪ್ಪಾಗಿರುವ ರಿಲೇ ದಾಖಲೆಯೂ ಹಾಗೆಯೇ ನಿಲ್ಲಲಾರದು.

ಕಾನೂನಿನ ಹೊಣೆಯೂ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಗ್ರಿಡ್ ಮಾನದಂಡಗಳ ನಿಯಮಾವಳಿಯ ಪ್ರಕಾರ, ಜಾಲದಲ್ಲಿ ಅವಘಡವಾದಾಗ ಅದರ ವಿಶ್ಲೇಷಣೆಗೆ ಬೇಕಾದ ದಾಖಲೆಗಳನ್ನು 24 ಗಂಟೆಗಳೊಳಗೆ ಒಪ್ಪಿಸಬೇಕು. 33 ಕೆ.ವಿ. ಹಾಗೂ ಮೇಲಿನ ಮಟ್ಟದಲ್ಲಿ ಸಂಪರ್ಕ ಹೊಂದಿದ ಬೃಹತ್ ಗ್ರಾಹಕರೂ ಈ ನಿಯಮಾವಳಿಯ ವ್ಯಾಪ್ತಿಗೆ ಬರುತ್ತಾರೆ.

ದೋಷ ಏಕೆ ಗೋಚರಿಸುವುದಿಲ್ಲ?

ಸಾಮಾನ್ಯ ಓವರ್‌ಕರೆಂಟ್ ಹಾಗೂ ಅರ್ತ್ ಫಾಲ್ಟ್ ರಕ್ಷಣೆಗೆ ದಿನದ ಸಮಯದ ಅಗತ್ಯವಿಲ್ಲ. ಗಡಿಯಾರ ತಪ್ಪಿದರೂ ರಿಲೇ ಬ್ರೇಕರನ್ನು ಟ್ರಿಪ್ ಮಾಡುತ್ತದೆ. ಆದುದರಿಂದಲೇ ಈ ನ್ಯೂನತೆ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ದಶಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಗಡಿಯಾರವು ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ವ್ಯತ್ಯಾಸ ತೋರುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತ ಕೇವಲ 20 ಮಿಲಿಸೆಕೆಂಡು. ದೋಷ ಹುಟ್ಟಿ ಬ್ರೇಕರ್ ತೆರೆಯುವುದು ಇಂತಹ ಕೆಲವೇ ಆವರ್ತಗಳಲ್ಲಿ ಮುಗಿಯಬಹುದು.

ಸಂವಹನ ವ್ಯವಸ್ಥೆಯ ಆಯ್ಕೆ

ರಿಲೇಯು ಕೇಂದ್ರ ಕಂಪ್ಯೂಟರಿನೊಡನೆ ಮಾತನಾಡುವ ನಿಯಮಾವಳಿಯೇ ಪ್ರೋಟೋಕಾಲ್. ನಮ್ಮ ಕಾರ್ಖಾನೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು.

1. ಮಾಡ್‌ಬಸ್: 1979ರಲ್ಲಿ ರೂಪುಗೊಂಡ ಸರಳ ಪದ್ಧತಿ. ಆರ್‌ಎಸ್-485 ತಂತಿಯ ಮೇಲೆ ಪ್ರತಿ ರಿಲೇಗೂ 1ರಿಂದ 247ರೊಳಗಿನ ಪ್ರತ್ಯೇಕ ವಿಳಾಸ ನೀಡಬೇಕು. ಬಾಡ್ ರೇಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎಲ್ಲ ಸಾಧನಗಳಲ್ಲೂ ಒಂದೇ ಆಗಿರಬೇಕು. ಘಟನೆಯ ಸಮಯವನ್ನು ಸಾಗಿಸುವ ಏಕರೂಪದ ಕ್ರಮ ಇದರಲ್ಲಿಲ್ಲ. ಕಂಪ್ಯೂಟರು ಓದಿದ ಹೊತ್ತೇ ಘಟನೆಯ ಹೊತ್ತೆಂದು ದಾಖಲಾಗುವ ಅಪಾಯವುಂಟು.

2. ಡಿಎನ್‌ಪಿ3 ಮತ್ತು ಐಇಸಿ 60870-5-103: ಇವುಗಳಲ್ಲಿ ರಿಲೇಯೇ ಘಟನೆಗೆ ಸಮಯದ ಮುದ್ರೆ ಒತ್ತಿ ಕಳುಹಿಸಬಲ್ಲದು.

3. ಐಇಸಿ 61850: ಈಥರ್ನೆಟ್ ಆಧಾರಿತ ಮಾನದಂಡ. ಪ್ರತಿ ರಿಲೇಗೂ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್ ಹಾಗೂ ಅಗತ್ಯವಿದ್ದಲ್ಲಿ ಗೇಟ್‌ವೇ ವಿಳಾಸವನ್ನು ನಮೂದಿಸಬೇಕು. ಇದರ ಸಮಯ ಮುದ್ರೆ ಯುಟಿಸಿ, ಅಂದರೆ ವಿಶ್ವ ಸಮಯದಲ್ಲಿರುತ್ತದೆ.

ಸಮಯದ ಮೂಲಗಳು

ಜಿಪಿಎಸ್ ಗಡಿಯಾರದಿಂದ ರಿಲೇಗೆ ಸಮಯ ತಲುಪಿಸಲು ಮೂರು ಮಾರ್ಗಗಳಿವೆ. ಎಸ್‌ಎನ್‌ಟಿಪಿಯು ಇರುವ ಈಥರ್ನೆಟ್ ಜಾಲವನ್ನೇ ಬಳಸುವುದರಿಂದ ಹೆಚ್ಚುವರಿ ತಂತಿ ಬೇಡ. ಸ್ಥಳೀಯ ಜಾಲದಲ್ಲಿ ಕೆಲವು ಮಿಲಿಸೆಕೆಂಡುಗಳ ನಿಖರತೆ ದೊರೆಯುತ್ತದೆ. ಐರಿಗ್-ಬಿಗೆ ಪ್ರತ್ಯೇಕ ತಂತಿ ಬೇಕು, ಆದರೆ ನಿಖರತೆ ಅಧಿಕ. ಇದರ ಮೂಲ ರೂಪದಲ್ಲಿ ಇಸವಿಯ ಮಾಹಿತಿ ಇರುವುದಿಲ್ಲವಾದುದರಿಂದ ರಿಲೇಯಲ್ಲಿ ಇಸವಿಯನ್ನು ಪರಿಶೀಲಿಸಲೇಬೇಕು. ಪಿಟಿಪಿಯು ಮೈಕ್ರೋಸೆಕೆಂಡಿನೊಳಗಿನ ನಿಖರತೆ ನೀಡಬಲ್ಲದು, ಆದರೆ ಸ್ವಿಚ್ಚುಗಳೂ ಅದಕ್ಕೆ ಹೊಂದುವಂತಿರಬೇಕು. ಸಾಧಾರಣ ಕಾರ್ಖಾನೆಯ ಘಟನಾ ದಾಖಲೆಗೆ, ಸರಿಯಾಗಿ ಜೋಡಿಸಿದ ಎಸ್‌ಎನ್‌ಟಿಪಿ ಬಹುಮಟ್ಟಿಗೆ ಸಾಕಾಗುತ್ತದೆ.

ಐದೂವರೆ ಗಂಟೆಯ ಗೊಂದಲ

ಎಸ್‌ಎನ್‌ಟಿಪಿ ಒದಗಿಸುವುದು ವಿಶ್ವ ಸಮಯವನ್ನು. ಭಾರತೀಯ ಕಾಲಮಾನಕ್ಕಾಗಿ ರಿಲೇಯಲ್ಲಿ 5 ಗಂಟೆ 30 ನಿಮಿಷವನ್ನು ಕೂಡಿಸುವಂತೆ ನಮೂದಿಸಬೇಕು. ಇದೇ ವೇಳೆ ಕೇಂದ್ರ ಕಂಪ್ಯೂಟರು ಡಿಎನ್‌ಪಿ3 ಮೂಲಕ ಭಾರತೀಯ ಕಾಲಮಾನವನ್ನೇ ವಿಶ್ವ ಸಮಯವೆಂಬಂತೆ ರಿಲೇಗೆ ಬರೆದರೆ, ಅದೇ ಅಂತರ ಎರಡನೆಯ ಬಾರಿ ಕೂಡಿ ಗಡಿಯಾರ ಐದೂವರೆ ಗಂಟೆ ಮುಂದಕ್ಕೆ ಓಡುತ್ತದೆ. ಮುಂದಿನ ಎಸ್‌ಎನ್‌ಟಿಪಿ ಸಂದೇಶ ಬಂದಾಗ ಪುನಃ ಹಿಂದಕ್ಕೆ ಬರುತ್ತದೆ. ಒಂದೇ ನಗದು ಪುಸ್ತಕವನ್ನು ಇಬ್ಬರು ಗುಮಾಸ್ತರು ತಮಗೆ ತೋಚಿದ ದಿನಾಂಕ ಹಾಕಿ ಬರೆದಂತೆಯೇ ಇದು. ಸಮಯಕ್ಕೆ ಒಡೆಯ ಒಬ್ಬನೇ ಇರಬೇಕು. ಉಳಿದ ಮೂಲಗಳನ್ನು ನಿಷ್ಕ್ರಿಯಗೊಳಿಸಬೇಕು, ಇಲ್ಲವೇ ಆದ್ಯತೆಯ ಕ್ರಮವನ್ನು ಸ್ಪಷ್ಟವಾಗಿ ನಿಗದಿಪಡಿಸಬೇಕು.

ಕಾರ್ಯಾರಂಭಕ್ಕೆ ಮುನ್ನ ಪರಿಶೀಲಿಸಬೇಕಾದವು

• ಎಲ್ಲ ರಿಲೇಗಳ ವಿಳಾಸ, ಪ್ರೋಟೋಕಾಲ್, ಸಮಯ ಮೂಲ ಮತ್ತು ಕಾಲ ವ್ಯತ್ಯಾಸಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುವುದು.
• ಒಂದೇ ಪರೀಕ್ಷಾ ಸಂಕೇತವನ್ನು ಎರಡು ರಿಲೇಗಳಿಗೆ ಏಕಕಾಲದಲ್ಲಿ ನೀಡಿ, ದಾಖಲಾದ ಸಮಯಗಳನ್ನು ಹೋಲಿಸುವುದು.
• ಜಿಪಿಎಸ್ ಆಂಟೆನಾ ಕಳಚಿ, ಸಮಯ ತಪ್ಪಿದ ಎಚ್ಚರಿಕೆ ನಿಯಂತ್ರಣ ಕೊಠಡಿಗೆ ಬರುವುದೇ ಎಂದು ನೋಡುವುದು.
• ತಯಾರಕರು ನೀಡಿದ ಮೂಲ ಪಾಸ್‌ವರ್ಡ್ ಬದಲಿಸುವುದು; ಬಳಸದ ಪೋರ್ಟುಗಳನ್ನು ಮುಚ್ಚುವುದು.
• ಅಂತಿಮ ಸೆಟ್ಟಿಂಗ್ ಕಡತದ ಪ್ರತಿಯನ್ನು ಗುತ್ತಿಗೆದಾರರಿಂದ ಪಡೆದು ಸುರಕ್ಷಿತವಾಗಿರಿಸುವುದು.

ರಿಲೇಗಳನ್ನು ಖರೀದಿಸಿದ ಮಾತ್ರಕ್ಕೆ ಉದ್ಯಮಿಯ ಜವಾಬ್ದಾರಿ ಮುಗಿಯುವುದಿಲ್ಲ. ಕಾರ್ಯಾದೇಶದಲ್ಲಿಯೇ ಮೇಲಿನ ಪರೀಕ್ಷೆಗಳನ್ನು ನಮೂದಿಸಿ, ಅವುಗಳ ವರದಿ ಕೈಸೇರಿದ ನಂತರವೇ ಅಂತಿಮ ಬಿಲ್ಲನ್ನು ಪಾವತಿಸುವುದು ವಿವೇಕ. ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಯ ಹೊಂದಾಣಿಕೆ ಪಟ್ಟಿ ಸಿದ್ಧಪಡಿಸುವ ದಿನವೇ ರಿಲೇಗಳ ಗಡಿಯಾರಗಳನ್ನೂ ತಾಳೆ ನೋಡುವ ಪದ್ಧತಿಯನ್ನಿಟ್ಟುಕೊಂಡರೆ, ಅವಘಡದ ದಿನ ಕಾರ್ಖಾನೆಯ ಬಳಿ ವಾದದ ಜೊತೆಗೆ ಸಾಕ್ಷ್ಯವೂ ಇರುತ್ತದೆ.