ಕರಗಿದ ಕಾಲು, ಕಾಣದ ಮೂರ್ತಿ

ತಮ್ಮಾ, ಅರ್ಮೇನಿಯಾದ ಹಳೆಯ ದೇವತೆಗಳ ಚಿತ್ರ ಕಳಿಸಿ, ‘ಪಾಪ, ಇವರನ್ನ ಈಗ ಕೇಳೋರೇ ಇಲ್ಲ ಕಾಕಾ’ ಅಂದಿದ್ದೀಯ. ಅಷ್ಟು ಬೇಗ ಮರುಗಬೇಡ.

ಅನಾಹಿತ್ ಅಲ್ಲಿನವರಿಗೆ ತಾಯಿ. ಎರೆಜ್ ಊರಿನ ಗುಡಿಯಲ್ಲಿ ಅವಳದು ಗಟ್ಟಿ ಬಂಗಾರದ ಮೂರ್ತಿ. ರೋಮಿನ ಮಾರ್ಕ್ ಆಂಟನಿಯ ದಂಡು ಅದನ್ನು ದೋಚಿತು. ಮುಂದೊಮ್ಮೆ ಮುದಿ ಸಿಪಾಯಿಯೊಬ್ಬ ಅಗಸ್ಟಸ್ ಚಕ್ರವರ್ತಿಯನ್ನು ಊಟಕ್ಕೆ ಕರೆದಿದ್ದ. ಮೂರ್ತಿಗೆ ಮೊದಲು ಕೈಹಾಕಿದವನು ಕಣ್ಣು ಕಳೆದುಕೊಂಡು ಸತ್ತದ್ದು ನಿಜವೇ ಎಂದು ಚಕ್ರವರ್ತಿ ಕೇಳಿದ. ಆ ಮನುಷ್ಯ ತಾನೇ, ಈಗ ತಾವು ಉಣ್ಣುತ್ತಿರುವುದೂ ದೇವಿಯ ಕಾಲಿನ ದುಡ್ಡಿನಲ್ಲೇ ಅಂದನಂತೆ ಸಿಪಾಯಿ! ಇದನ್ನು ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ.

301ರ ಸುಮಾರಿಗೆ ಅರ್ಮೇನಿಯಾದ ರಾಜ ತಿರಿದಾತ್ ಕ್ರೈಸ್ತನಾದ, ಗುಡಿಗಳು ಉರುಳಿದವು. ಆದರೆ ಪ್ರೀತಿಗೂ ನೀರಿಗೂ ಒಡತಿಯಾದ ಅಸ್ತಘಿಕ್‌ಳ ಹಬ್ಬ ವರ್ದವಾರ್ ಚರ್ಚಿನ ಪಂಚಾಂಗಕ್ಕೇ ಸೇರಿಕೊಂಡಿತು. ಈಸ್ಟರ್ ಕಳೆದು 98ನೇ ದಿನ ಯೆರೆವಾನ್ ಬೀದಿಯಲ್ಲಿ ಗುರುತಿಲ್ಲದವರ ತಲೆಗೂ ಬಕೆಟ್ ನೀರು ಬೀಳುತ್ತದೆ, ಥೇಟ್ ನಮ್ಮ ಓಕುಳಿ. ಗಟ್ಟಿ ಬಂಗಾರ ಕರಗಿಹೋಯಿತು, ನೀರು ಉಳಿಯಿತು ನೋಡು.

ಈಗ ನೀನಿರುವ ರಾಂಜಣಗಾಂವಕ್ಕೆ ಬಾ. ಎಂಐಡಿಸಿ ಕಾರ್ಖಾನೆಯ ಪಾಳಿ ಮುಗಿಸಿ ಮಹಾಗಣಪತಿ ಗುಡಿಗೆ ಹೋಗಿ ಸೆಲ್ಫಿ ತೆಗೆದು ಬಂದರೆ ಆಗಲಿಲ್ಲ. ಅಷ್ಟವಿನಾಯಕರಲ್ಲೊಬ್ಬ ಅವನು. ಕಣ್ಣಿಗೆ ಕಾಣುವ ಮೂರ್ತಿಯ ಕೆಳಗೆ, ನೆಲಮಾಳಿಗೆಯಲ್ಲಿ, ಹತ್ತು ಸೊಂಡಿಲು ಇಪ್ಪತ್ತು ಕೈಗಳ ‘ಮಹೋತ್ಕಟ’ನನ್ನು ಅಡಗಿಸಿಟ್ಟಿದ್ದಾರೆ ಎಂದು ಜನ ನಂಬಿದ್ದಾರೆ. ‘ಎಲ್ಲಿ, ತೋರಿಸಿ’ ಅಂತ ಹಟ ಹಿಡಿಯಬೇಡ. ಹೂ ಮಾರುವ ಮಾವಶಿಯ ಹತ್ತಿರ ಕೂತು ತ್ರಿಪುರಾಸುರನ ಕಥೆ ಕೇಳು. ಗಣಪತಿಯನ್ನು ನೆನೆಯದೆ ಯುದ್ಧಕ್ಕೆ ಹೋದ ಶಿವನಿಗೆ ಗೆಲುವು ದಕ್ಕಲಿಲ್ಲ. ಇಲ್ಲಿ ಪೂಜೆ ಮಾಡಿದ ಮೇಲೆ ಗೆದ್ದ. ಅಪ್ಪ ಮಗನಿಗೆ ಕೈಮುಗಿದ ಊರಪ್ಪಾ ಅದು! ನಮ್ಮ ಮನೆಯಲ್ಲಿ ಹಾಗಾಗುವುದು ಕಷ್ಟ, ಬಿಡು.

ರೂಮಿನ ಹುಡುಗರ ಜೊತೆ ‘ನಿಮ್ಮ ದೇವರು, ನಮ್ಮ ದೇವರು’ ಅನ್ನುವ ಜಗಳಕ್ಕಂತೂ ಇಳಿಯಲೇಬೇಡ. ಅವರ ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಮಣಿ, ಮಲ್ಲ ಎಂಬ ದೈತ್ಯರನ್ನು ಕೊಂದದ್ದು ಇಲ್ಲಿಯೂ ಅವನೇ, ಅಲ್ಲಿಯೂ ಅವನೇ. ನಮ್ಮವರು ಏಳುಕೋಟಿ ಅಂತ ಕೂಗಿದರೆ ಅವರು ಯೇಳಕೋಟ್ ಅಂತಾರೆ. ಅರ್ಮೇನಿಯಾದಲ್ಲಿ ಘಟಸರ್ಪಗಳನ್ನು ಕೊಂದ ವಹಾಗ್ನ ದೇವನನ್ನೂ ಗ್ರೀಕರು ತಮ್ಮ ಹೆರಾಕ್ಲಿಸನೇ ಅಂದುಕೊಂಡಿದ್ದರು.

ಸೋಮವತಿ ಅಮಾವಾಸ್ಯೆಗೆ ರಜೆ ಸಿಕ್ಕರೆ ಜೇಜುರಿಗೆ ಹೋಗಿಬಾ, ರೂಮಿನವರನ್ನೂ ಕರಕೊಂಡು ಹೋಗು. ಬಿಳಿ ಅಂಗಿ ಮಾತ್ರ ಹಾಕ್ಕೊಬೇಡ. ಭಂಡಾರದ ಅರಿಶಿನ ಒಮ್ಮೆ ಹತ್ತಿದರೆ ಯಾವ ಸಾಬೂನಿಗೂ ಜಗ್ಗುವುದಿಲ್ಲ.