ಕಾಗದದಲ್ಲಿ ಮೂರು ನೆಗೆಟಿವ್

ಹುಕ್ಕೇರಿ ತಾಲೂಕಿನ ಒಂದು ಊರು. ಊರಿನ ಹೆಸರು ಬೇಡ. ಅಕ್ಕನ ಹೆಸರೂ ಬೇಡ. ಇಂಥ ಅಕ್ಕ ನಮ್ಮ ಯಾವ ಊರಲ್ಲೂ ಇರಬಹುದು. ಅಕ್ಕನಿಗೆ 42 ವರ್ಷ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಎರಡು ಎಕರೆ ಕಬ್ಬು.

ಸ್ನಾನ ಮಾಡುವಾಗ ಅಕ್ಕನ ಎಡ ಮೊಲೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವು ಇರಲಿಲ್ಲ. ನೋವಿಲ್ಲ ಅಂತ ಅಕ್ಕ ಸುಮ್ಮನಾದಳು. ಎರಡು ತಿಂಗಳಲ್ಲಿ ಗಂಟು ದೊಡ್ಡದಾಯಿತು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮೆಲ್ಲಗೆ ಹೇಳಿದಳು. ತಾಲೂಕು ಆಸ್ಪತ್ರೆಗೆ ಹೋದರು. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಬೆಳಗಾವಿಯಲ್ಲಿ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಇದಕ್ಕೆ ಬಯಾಪ್ಸಿ ಅಂತಾರೆ.

ಸೂಜಿ ಚುಚ್ಚಿದರೆ ರೋಗ ಮೈತುಂಬ ಹರಡುತ್ತದೆ ಅಂತ ಅತ್ತೆ ಹೆದರಿದ್ದರು. ಈ ಹೆದರಿಕೆ ನಮ್ಮ ಎಲ್ಲ ಊರಲ್ಲೂ ಇದೆ. ಇದು ನಿಜವಲ್ಲ. ಚೂರು ನೋಡದೆ ಯಾವ ಔಷಧ ಕೊಡಬೇಕು ಅಂತ ಡಾಕ್ಟರಿಗೂ ತಿಳಿಯುವುದಿಲ್ಲ.

ಕೆಲವು ದಿನಗಳ ಮೇಲೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ದೊಡ್ಡ ಮಗಳು ಓದಿದಳು.

“ಯವ್ವಾ, ಮೂರು ಕಡೆ ನೆಗೆಟಿವ್ ಅಂತ ಬಂದೈತಿ!”

ಮನೆಯಲ್ಲಿ ಎಲ್ಲರ ಮುಖ ಅರಳಿತು. ಅತ್ತೆ ದೇವರಿಗೆ ದೀಪ ಹಚ್ಚಿದರು. ಅವರದೇನು ತಪ್ಪು? 2020ರಲ್ಲಿ ಕರೋನಾ ಬಂದಾಗ ನಾವೆಲ್ಲ ಈ ಮಾತು ಕಲಿತೆವು. ನೆಗೆಟಿವ್ ಅಂದರೆ ರೋಗ ಇಲ್ಲ, ಮನೆಗೆ ನಡೀರಿ ಅಂತ.

ಈ ಕಾಗದದಲ್ಲಿ ನೆಗೆಟಿವ್ ಅಂದರೆ ಆ ಅರ್ಥ ಅಲ್ಲ.

ಮರುದಿನ ಡಾಕ್ಟರ್ ಬಾಯಾರು ಕಾಗದ ನೋಡಿದರು. ಅಕ್ಕನನ್ನು ಹತ್ತಿರ ಕೂರಿಸಿಕೊಂಡರು.

“ಬಾಯಾರ, ಮೂರೂ ನೆಗೆಟಿವ್ ಐತಲ್ರೀ. ಮತ್ತ ನನಗ ಏನೂ ಇಲ್ಲ ಹೌದಲ್ರೀ?”

“ಅಕ್ಕಾ, ಕ್ಯಾನ್ಸರ್ ಐತಿ. ಮೊದಲ ಸಾಲಿನ್ಯಾಗ ಅದನ್ನ ಬರದಾರ. ಈ ಮೂರು ನೆಗೆಟಿವ್ ಬ್ಯಾರೆ ಮಾತು ಹೇಳ್ತಾವ.”

ಬಾಯಾರು ಹೇಳಿದ್ದನ್ನು ನಾವು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಕ್ಯಾನ್ಸರಿನ ಕಣಗಳ ಮೇಲೆ ಕೆಲವು ಸಲ ಕೀಲಿ ಇರುತ್ತವೆ. ಡಾಕ್ಟರು ಮೂರು ಕೀಲಿಗಳನ್ನು ಹುಡುಕುತ್ತಾರೆ. ಎರಡು ಕೀಲಿ ಹೆಣ್ಣಿನ ಮೈಯಲ್ಲಿರುವ ಹಾರ್ಮೋನಿಗೆ ಸಂಬಂಧಪಟ್ಟವು. ಮೂರನೆಯದಕ್ಕೆ ಹರ್-2 ಅಂತ ಹೆಸರು. ಕೀಲಿ ಇದ್ದರೆ ಅದಕ್ಕೆ ಸರಿಯಾದ ಕೀಲಿಕೈಯಂಥ ಔಷಧ ಇದೆ. ಮೂರೂ ಕೀಲಿ ಇಲ್ಲದಿದ್ದರೆ ಅದೇ ಟ್ರಿಪಲ್ ನೆಗೆಟಿವ್. ಆಗ ಆ ಕೀಲಿಕೈಗಳು ಕೆಲಸಕ್ಕೆ ಬಾರವು. ಬೇರೆ ಔಷಧ ಬೇಕು. ಬೇರೆ ಔಷಧ ಇದೆ.

ಪಶ್ಚಿಮ ದೇಶಗಳಲ್ಲಿ 100 ಸ್ತನ ಕ್ಯಾನ್ಸರಿನಲ್ಲಿ 10ರಿಂದ 15 ಇಂಥವು. ನಮ್ಮ ದೇಶದಲ್ಲಿ ಇನ್ನೂ ಹೆಚ್ಚು. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಇದು ಬೇಗ ಬೆಳೆಯುವ ಜಾತಿ. ಆದರೆ ಬೇಗ ಬೆಳೆಯುವ ಕಣಗಳ ಮೇಲೆ ಕೀಮೋ ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ. ರೋಗ ಮೊಲೆ ಮತ್ತು ಕಂಕುಳು ದಾಟಿ ದೂರ ಹೋಗದಿದ್ದರೆ, ಗುಣ ಮಾಡಲಿಕ್ಕೆ ಅಂತಲೇ ಚಿಕಿತ್ಸೆ ಕೊಡುತ್ತಾರೆ.

ಆ ರಾತ್ರಿ ಅಕ್ಕ ನಿದ್ದೆ ಮಾಡಲಿಲ್ಲ. ಹಿತ್ತಲಿಗೆ ಹೋಗಿ ಅತ್ತಳು. ಬೆಳಿಗ್ಗೆ ಮನೆಯಲ್ಲಿ ಮಾತು ಶುರುವಾಯಿತು.

“ಕಬ್ಬು ಸಂಕೇಶ್ವರದ ಕಾರ್ಖಾನೀಗೆ ಹೋಗಲಿ. ಬಿಲ್ ಬಂದ ಮ್ಯಾಲ ನೋಡೂಣು” ಅಂದ ಗಂಡ.

“ನಾಟಿ ಔಷಧ ಕೊಡಾವ್ರು ಅದಾರ. ಒಂದ್ ತಿಂಗಳು ನೋಡೂಣು” ಅಂದರು ಅತ್ತೆ.

ಇಬ್ಬರಿಗೂ ಅಕ್ಕನ ಮೇಲೆ ಪ್ರೀತಿ ಇದೆ. ಆದರೂ ಇಬ್ಬರ ಮಾತೂ ಅಪಾಯದ್ದು. ಈ ಕ್ಯಾನ್ಸರ್ ಕಬ್ಬಿನ ಬಿಲ್ಲಿಗೆ ಕಾಯುವುದಿಲ್ಲ. ಹಾಗಂತ ಹೆದರಿ ಅದೇ ದಿನ ಎಲ್ಲದಕ್ಕೂ ಸಹಿ ಹಾಕಬೇಕಿಲ್ಲ. ಕೇಳಿ ತಿಳಿಯಲಿಕ್ಕೆ ಒಂದು ವಾರ ತಗೊಳ್ಳಬಹುದು. ಇನ್ನೊಬ್ಬ ಡಾಕ್ಟರಿಗೆ ತೋರಿಸುವುದು ತಪ್ಪಲ್ಲ. ಹೋಗುವಾಗ ಎಲ್ಲ ಕಾಗದ ಒಯ್ಯಿರಿ. ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಬ್ಲಾಕು ಕೇಳಿ ಪಡೆಯಿರಿ.

ಹುಕ್ಕೇರಿಯಿಂದ ಬೆಳಗಾವಿ ಸುಮಾರು 50 ಕಿಲೋಮೀಟರ್. ಅಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಇದೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಗಡಿಯಾಚೆ ಮೀರಜದಲ್ಲೂ ಇದೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಕಾರ್ಡು ನಡೆಯುತ್ತದೆಯೇ ಅಂತ ಕೇಳಿ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿ. ಎಲ್ಲ ಔಷಧವೂ ಯೋಜನೆಯಲ್ಲಿ ಸೇರಿರುವುದಿಲ್ಲ. ಇಮ್ಯುನೋಥೆರಪಿ ಅಂತ ಒಂದು ಹೊಸ ಔಷಧ ಇದೆ. ಕೀಮೋ ಜೊತೆ ಕೊಟ್ಟರೆ ಕೆಲವರಿಗೆ ಹೆಚ್ಚು ಲಾಭ ಆಗುತ್ತದೆ. ಬಹಳ ದುಬಾರಿ. ಅದಿಲ್ಲದೆಯೂ ಗುಣವಾದವರಿದ್ದಾರೆ. ಹೊಲ ಮಾರುವ ಮೊದಲು ಡಾಕ್ಟರನ್ನು ಕೇಳಿ: ನನಗೆ ಇದರಿಂದ ಎಷ್ಟು ಲಾಭ?

ಗಂಡ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿದ. “ಮೊದಲ ಕೊಯ್ದು ತಗದಬಿಡ್ರಿ. ಕೀಮೋ ಯಾಕ್ರೀ?” ಒಳ್ಳೆಯ ಪ್ರಶ್ನೆ. ಗಂಟು ಬಹಳ ಸಣ್ಣದಿದ್ದು, ಕಂಕುಳಿಗೆ ಹೋಗದಿದ್ದರೆ ಮೊದಲು ಆಪರೇಶನ್ ಮಾಡಬಹುದು. ಅಕ್ಕನ ಗಂಟು ದೊಡ್ಡದು. ಮೊದಲು ಕೀಮೋ ಕೊಟ್ಟರೆ ಗಂಟು ಕುಗ್ಗುತ್ತದೆ. ಔಷಧ ಹಿಡಿಯಿತೋ ಇಲ್ಲವೋ ಅಂತ ಕಣ್ಣಿಗೇ ಕಾಣುತ್ತದೆ. ಕೆಲವರಿಗೆ ಗಂಟು ಪೂರ್ತಿ ಮಾಯವಾಗುತ್ತದೆ. ಆಗ ‘ಗುಣ ಆತು’ ಅಂತ ಮನೆಯಲ್ಲಿ ಕೂತುಬಿಡುವವರಿದ್ದಾರೆ. ಕೂರಬಾರದು. ಆಪರೇಶನ್ ಮಾಡಿಸಲೇಬೇಕು.

ಆಪರೇಶನ್ನಿನಲ್ಲಿ ಎರಡು ದಾರಿ. ಮೊಲೆ ಪೂರ್ತಿ ತೆಗೆಯುವುದು ಒಂದು. ಗಂಟು ಮತ್ತು ಸುತ್ತಲಿನ ಭಾಗ ಮಾತ್ರ ತೆಗೆದು, ಆಮೇಲೆ ರೇಡಿಯೇಶನ್ ಕೊಡುವುದು ಇನ್ನೊಂದು. ರೇಡಿಯೇಶನ್‌ಗೆ ನಮ್ಮ ಜನ ‘ಕರೆಂಟ್ ಕೊಡೋದು’ ಅಂತಾರೆ. ಪೂರ್ತಿ ತೆಗೆದರೂ ಕೆಲವರಿಗೆ ಅದು ಬೇಕಾಗುತ್ತದೆ. ಎರಡನೆಯ ದಾರಿ ಹೊಂದುವವರಿಗೆ, ಬದುಕುವ ಆಸೆ ಎರಡರಲ್ಲೂ ಸಮ. ಮೈ ಅಕ್ಕನದು. ಡಾಕ್ಟರು ತಿಳಿಸಿ ಹೇಳಲಿ, ಮನೆಯವರು ಜೊತೆಗಿರಲಿ. ಯಾವ ದಾರಿ ಅಂತ ಅಕ್ಕ ಹೇಳಲಿ.

ಅಕ್ಕನಿಗೆ ಮಕ್ಕಳದೇ ಚಿಂತೆ. “ಇದು ನನ್ನ ಹುಡುಗೀರಿಗೂ ಬರತೈತೇನ್ರೀ?” ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ಆದರೆ ಕೆಲವರಲ್ಲಿ ಇದು ವಂಶದಿಂದ ಬರುತ್ತದೆ. ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು. ಅದನ್ನು ತಿಳಿಯಲು ಬಿ.ಆರ್.ಸಿ.ಎ. ಅಂತ ರಕ್ತಪರೀಕ್ಷೆ ಇದೆ. ಮಗಳ ಮದುವೆಗೆ ತೊಂದರೆ ಅಂತ ಕೆಲವರು ಇದನ್ನು ಬೇಡ ಅಂತಾರೆ. ತಿಳಿದಿದ್ದರೆ ಮಗಳು ಮೊದಲೇ ಎಚ್ಚರ ಇರಬಹುದು.

ಕೀಮೋ ಎರಡು ಅಥವಾ ಮೂರು ವಾರಕ್ಕೊಮ್ಮೆ. ಒಟ್ಟು ಐದಾರು ತಿಂಗಳು ಹಿಡಿಯುತ್ತದೆ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ವಾಂತಿಗೆ ಮಾತ್ರೆ ಕೊಡುತ್ತಾರೆ. ಜ್ವರ ಮಾತ್ರ ಬಿಡಬೇಡಿ. 100.4 ಡಿಗ್ರಿ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಊರ ಅಂಗಡಿಯ ಮಾತ್ರೆ ನುಂಗಿ ಮಲಗಬೇಡಿ.

ಚಿಕಿತ್ಸೆ ಮುಗಿದ ಮೇಲೂ ತೋರಿಸಿಕೊಳ್ಳಬೇಕು. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಮೂರು ವರ್ಷದಲ್ಲೇ. ಐದು ವರ್ಷ ದಾಟಿದರೆ ಆ ಭಯ ಬಹಳ ಕಡಿಮೆ.

ಅಕ್ಕನಿಗೆ ಈಗ ಎರಡನೆಯ ಕೀಮೋ ಆಗಿದೆ. ತಂಗಿ ಬಂದು ಜೊತೆಗಿದ್ದಾಳೆ. ಸೆರಗು ತಲೆಯ ಮೇಲೆ ಹೊದ್ದು ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾಳೆ. ನೋಟ್‌ಬುಕ್ಕಿನಲ್ಲಿ ಕೀಮೋ ತಾರೀಖು ತಾನೇ ಬರೆಯುತ್ತಾಳೆ. ಬಾಯಾರನ್ನು ಕೇಳುವ ಮಾತನ್ನೂ ಬರೆಯುತ್ತಾಳೆ.

ಅಕ್ಕ ಬರೆದ ಸಾಲುಗಳು ಇವು. ನೀವೂ ಓದಿ, ಬರೆಯಿರಿ.

ಗಂಟು ಎಷ್ಟು ದೊಡ್ಡದು?
ಕಂಕುಳಿಗೆ ಹೋಗಿದೆಯೇ?
ಮೊದಲು ಕೀಮೋ ಯಾಕೆ?
ಕಾರ್ಡಿನಲ್ಲಿ ಏನೇನು ಸೇರಿದೆ?
ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಲಿ?